ಎರಡು ಸಾವಿರದ ಐನೂರ ಇಪ್ಪತ್ತೊಂದನೆಯವಳು

ನಮ್ಮ ಅತ್ತೆಗೆ ಮಿಲ್ಲಿನಲ್ಲಿ ಇದ್ದ ಹೆಸರು ಗೂಟ. ಬೆನ್ನ ಹಿಂದೆ ಅಲ್ಲ, ಎದುರಿಗೇ ಹಾಗೆ ಕರೆಯುತ್ತಿದ್ದರು, ಅವಳೂ ತಿರುಗಿ ನೋಡಿ "ಏನು?" ಎನ್ನುತ್ತಿದ್ದಳು. ಉರಿಯುತ್ತಿದ್ದದ್ದು ನನಗೆ. ಅತ್ತೆಯೆಂದರೆ ಅಪ್ಪನ ತಂಗಿ. ಮದುವೆಯ ಮಾತೆತ್ತಿದವರನ್ನೆಲ್ಲ ಮರ್ಯಾದೆಯಿಂದಲೇ ಬಾಗಿಲವರೆಗೆ ಬಿಟ್ಟುಬಂದು, ನಮ್ಮ ಜೊತೆಯಲ್ಲೇ, ಬೀದಿ ಕಡೆಯ ಕೋಣೆಯಲ್ಲಿ ತನ್ನ ಪಾಡಿಗೆ ತಾನು ಇದ್ದವಳು. ಎಳೆ ವಯಸ್ಸಿಗೇ ನೂಲಿನ ಮಿಲ್ಲು ಸೇರಿದ್ದಳು. ದಾರದ ರೀಲುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುವುದು ಅವಳ ಕೆಲಸ. ನಿವೃತ್ತಿಯ ವರ್ಷ ಬರುವವರೆಗೂ ಆ ಮೇಜು ಬಿಟ್ಟು ಕದಲಲಿಲ್ಲ.

ಆ ಹೆಸರು ಬಂದದ್ದು ಕವಾಯತಿನಿಂದ. ಮಿಲ್ಲಿನ ವಾರ್ಷಿಕೋತ್ಸವಕ್ಕೆ ಕೆಲಸಗಾರರೆಲ್ಲ ಹಿಂದಿನ ಮೈದಾನದಲ್ಲಿ ಸಾಲುಗಟ್ಟಿ ಕವಾಯತು ಮಾಡುವುದು ರೂಢಿ. ಸಾಲು ನೆಟ್ಟಗಿರಬೇಕಾದರೆ ಒಂದು ಗುರುತು ಬೇಕು. ಮೊದಲ ಸಾಲಿನಿಂದ ಸ್ವಲ್ಪ ಆಚೆ, ಮೈದಾನದ ಮೂಲೆಯಲ್ಲಿ, ಕೆಂಪು ಬಾವುಟ ಹಿಡಿದು ಒಬ್ಬರು ಅಲುಗಾಡದೆ ನಿಲ್ಲಬೇಕು. ಮೊದಲ ಸಾಲು ಆ ಬಾವುಟವನ್ನು ನೋಡಿ ನಿಲ್ಲುತ್ತದೆ, ಉಳಿದವರು ಮೊದಲ ಸಾಲನ್ನು ನೋಡಿ. ಸೊಳ್ಳೆ ಕಚ್ಚಿದರೂ ಕೈ ಎತ್ತದ ಹೆಂಗಸು ಪ್ಯಾಕಿಂಗಿನಲ್ಲಿ ಇದ್ದಾಳೆ ಎಂದು ಯಾರೋ ಹೇಳಿದರು. ಕವಾಯತು ಮೇಷ್ಟ್ರು ಬಂದು ನೋಡಿದರು, ಬಾವುಟ ಕೊಟ್ಟರು. ಅಂದಿನಿಂದ ಅತ್ತೆ ಗೂಟವಾದಳು.

ಈ ಮೇಷ್ಟ್ರು ಹಿಂದೆ ಸೈನ್ಯದ ಪಟಾಲಮ್ಮಿನಲ್ಲಿದ್ದವರು. ಮೀಸೆ ಬೆಳ್ಳಗಾಗಿದ್ದರೂ ಗಂಟಲು ಮುಪ್ಪಾಗಿರಲಿಲ್ಲ. ಕವಾಯತು ಮುಗಿದಾಗ ಅವರದೊಂದು ಪದ್ಧತಿ ಇತ್ತು. ಸ್ಟೂಲಿನ ಮೇಲೆ ನಿಂತು "ಎಣಿಕೆ!" ಎಂದು ಕೂಗುವರು. ಒಂದೊಂದು ತುಕಡಿಯ ಮುಂದಾಳೂ ತನ್ನ ತುಕಡಿಯ ಸಂಖ್ಯೆಯನ್ನು ಕೂಗಿ ಹೇಳಬೇಕು. ಕೊನೆಗೆ ಮೇಷ್ಟ್ರು ಎಲ್ಲವನ್ನೂ ಕೂಡಿಸಿ ಒಟ್ಟು ಮೊತ್ತವನ್ನು ಮೈದಾನ ಅದುರುವಂತೆ ಸಾರುವರು. ಆ ಮೊತ್ತದಲ್ಲಿ ಗೂಟ ಇರುತ್ತಿರಲಿಲ್ಲ. ಬಟ್ಟೆ ಅಳೆಯುವ ಗಜಕಡ್ಡಿಯನ್ನು ಬಟ್ಟೆಯ ಲೆಕ್ಕಕ್ಕೆ ಸೇರಿಸುತ್ತಾರೆಯೇ ಎನ್ನುವುದು ಮೇಷ್ಟ್ರ ವಾದ. ಯಾರೂ ಎದುರಾಡಲಿಲ್ಲ. ಅತ್ತೆಯೂ ಬಹಳ ವರ್ಷ ಸುಮ್ಮನಿದ್ದಳು, ಅದೇ ನನಗೆ ಇವತ್ತಿಗೂ ಅರ್ಥವಾಗದ ಸಂಗತಿ.

ಮೇಷ್ಟ್ರಿಗೆ ಸಂಖ್ಯೆಗಳ ವಿಷಯದಲ್ಲಿ ಒಳ್ಳೆಯ ಮೂಗಿತ್ತು ಎಂದು ಒಪ್ಪಲೇಬೇಕು. ಬಂದವರನ್ನೆಲ್ಲ ನಿಲ್ಲಿಸುತ್ತಿರಲಿಲ್ಲ. ಮೊದಲು ಏಳುನೂರ ಇಪ್ಪತ್ತು ಜನ, ಮಿಲ್ಲು ಬೆಳೆದಂತೆ ಎಂಟುನೂರ ನಲವತ್ತು, ಆಮೇಲೆ ಸಾವಿರದ ಇನ್ನೂರ ಅರವತ್ತು, ಸಾವಿರದ ಆರುನೂರ ಎಂಬತ್ತು. ಮಿಲ್ಲಿಗೆ ಐವತ್ತು ತುಂಬಿದ ವರ್ಷ ಎರಡು ಸಾವಿರದ ಐನೂರ ಇಪ್ಪತ್ತು. ನಮ್ಮಪ್ಪ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವನು. ಈ ಪಟ್ಟಿ ಕೇಳಿ ಕುರ್ಚಿಯಿಂದ ಎದ್ದೇ ಬಿಟ್ಟ.

"ನಿಮ್ಮ ಮೇಷ್ಟ್ರು ಸಾಮಾನ್ಯ ಮನುಷ್ಯ ಅಲ್ಲ ಕಣೇ," ಎಂದ. "ಇವೆಲ್ಲ ಸಾಧು ಹಸುಗಳು. ಎರಡು ಸಾವಿರದ ಐನೂರ ಇಪ್ಪತ್ತನ್ನ ಒಂದರಿಂದ ಹತ್ತರವರೆಗೆ ಯಾವುದರಿಂದ ಬೇಕಾದ್ರೂ ಭಾಗಿಸು, ಏನೂ ಮಿಗಲ್ಲ. ಅದಕ್ಕೆ ನಲವತ್ತೆಂಟು ಭಾಜಕ. ಅದಕ್ಕಿಂತ ಚಿಕ್ಕ ಸಂಖ್ಯೆ ಯಾವುದಕ್ಕೂ ಅಷ್ಟಿಲ್ಲ. ಏಳು ಸಾಲು ಅಂದ್ರೆ ಏಳು, ಒಂಬತ್ತು ಅಂದ್ರೆ ಒಂಬತ್ತು. ಹೇಳಿದ ಹಾಗೆ ಕೇಳುತ್ತೆ."

"ಹೇಳಿದ ಹಾಗೆ ಕೇಳೋರನ್ನ ಕಂಡ್ರೆ ಅವರಿಗೆ ಮೊದಲಿಂದಲೂ ಇಷ್ಟ," ಎಂದಳು ಅತ್ತೆ.

ನಾನು ಆಗ ಅದೇ ಮಿಲ್ಲಿನಲ್ಲಿ ರೀಲಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದ್ದೆ. ಹಾಗಾಗಿ ಮುಂದಿನದೆಲ್ಲ ಕಣ್ಣಾರೆ ಕಂಡದ್ದು. ಐವತ್ತನೇ ವರ್ಷದ ಕವಾಯತಿಗೆ ಎಲ್ಲರಿಗೂ ಬಿಳಿ ಟೋಪಿ ಬಂತು. ನೀರಿನ ಟ್ಯಾಂಕಿನ ಮೇಲೆ ಹತ್ತಿ ಒಬ್ಬ ಫೋಟೋದವನು ಇಡೀ ಮೈದಾನದ ಚಿತ್ರ ತೆಗೆಯುತ್ತಾನೆ, ಅದನ್ನು ದೊಡ್ಡದು ಮಾಡಿಸಿ ಗೇಟಿನ ಒಳಗೇ ತೂಗುಹಾಕುತ್ತಾರೆ ಎಂಬ ಸುದ್ದಿಯೂ ಬಂತು. ಹಳೆಯ ವರ್ಷಗಳ ಫೋಟೋಗಳು ಕ್ಯಾಂಟೀನಿನ ಹಾದಿಯಲ್ಲಿದ್ದವು. ಊಟದ ಹೊತ್ತಿನಲ್ಲಿ ಅತ್ತೆ ನನ್ನನ್ನು ಅವುಗಳ ಮುಂದೆ ನಿಲ್ಲಿಸಿದಳು. ಒಂದರಲ್ಲಿ ಬಾವುಟದ ತುದಿ ಇತ್ತು. ಇನ್ನೊಂದರಲ್ಲಿ ಅವಳ ಮೊಣಕೈ. ಮಿಕ್ಕವುಗಳಲ್ಲಿ ಅದೂ ಇಲ್ಲ. ಮೇಷ್ಟ್ರು ಮಾತ್ರ ಎಲ್ಲದರ ಕೆಳಮೂಲೆಯಲ್ಲೂ, ಪ್ರತ್ಯೇಕ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ, ಸೀಟಿ ಕಚ್ಚಿಕೊಂಡು ರಾರಾಜಿಸುತ್ತಿದ್ದರು.

"ಇದು ನನ್ನ ಕೊನೇ ವರ್ಷ," ಎಂದಳು ಅತ್ತೆ. "ಈ ಸಲ ನಾನು ಲೆಕ್ಕದಲ್ಲಿ ಇರಬೇಕು. ಇರ್ತೀನಿ."

ಟೋಪಿ ಹಂಚುವ ಜಾಗಕ್ಕೆ ಹೋಗಿ ಕೈ ಚಾಚಿದಳು. ಮೇಷ್ಟ್ರು ನಕ್ಕರು.

"ಗೂಟಕ್ಕೆ ಯಾಕಮ್ಮಾ ಟೋಪಿ?"

"ಗೂಟಕ್ಕೂ ತಲೆ ಇದೆ ಮೇಷ್ಟ್ರೇ. ಬಿಸಿಲು ಅದಕ್ಕೂ ಹೊಡೆಯುತ್ತೆ. ಈ ಸಲ ನನ್ನನ್ನೂ ಎಣಿಸಿ."

"ಎಣಿಸಿದ್ರೆ ಎರಡು ಸಾವಿರದ ಐನೂರ ಇಪ್ಪತ್ತೊಂದು ಆಗುತ್ತೆ. ಎಲ್ಲಿ ನಿಲ್ಲಿಸ್ಲಿ ಆ ಒಂದನ್ನ? ಏಳರ ಸಾಲು ಮಾಡಿದ್ರೂ ಒಂದು ಉಳಿಯುತ್ತೆ, ಎಂಟರದ್ದು ಮಾಡಿದ್ರೂ ಒಂದು ಉಳಿಯುತ್ತೆ. ಹಲ್ಲಲ್ಲಿ ಸಿಕ್ಕಿದ ನಾರಿನ ಹಾಗೆ ಕಾಣುತ್ತೆ."

ಸುತ್ತ ಇದ್ದವರು ನಕ್ಕರು. ನನಗೆ ತಡೆಯಲಾಗಲಿಲ್ಲ. ನನ್ನ ಟೋಪಿ ತೆಗೆದು ಅತ್ತೆಯ ಕೈಗೆ ತುರುಕಿ, ನನ್ನ ಜಾಗದಲ್ಲಿ ಅವಳೇ ನಿಲ್ಲಲಿ, ನಾನು ಮನೆಗೆ ಹೋಗುತ್ತೇನೆ ಎಂದೆ. ಮೇಷ್ಟ್ರಿಗೆ ಅದು ಸರಿ ಕಂಡಿತು. ಅತ್ತೆಗೆ ಕಾಣಲಿಲ್ಲ. ಟೋಪಿಯನ್ನು ನನ್ನ ತಲೆಗೇ ಗದರಿದಂತೆ ಒತ್ತಿದಳು.

"ಒಬ್ಬಳನ್ನ ಕಳೆದು ನನ್ನನ್ನ ಕೂಡಿಸೋದಾ? ಆಗ ಹೊರಗೆ ನಿಲ್ಲೋಳು ಬೇರೆಯವಳು, ಅಷ್ಟೇ. ನಾನು ಕೇಳ್ತಿರೋದು ಅದಲ್ಲ. ಯಾರನ್ನೂ ತೆಗೀಬೇಡಿ, ನನ್ನನ್ನ ಸೇರಿಸಿ."

"ಹಾಗಿದ್ರೆ ನೀನೇ ದಾರಿ ತೋರ್ಸು," ಎಂದರು ಮೇಷ್ಟ್ರು, ಎಲ್ಲರಿಗೂ ಕೇಳುವ ಹಾಗೆ. "ಎರಡು ಸಾವಿರದ ಐನೂರ ಇಪ್ಪತ್ತೊಂದು ಜನ, ಒಬ್ಬರೂ ಮಿಗಬಾರ್ದು, ನೋಡೋಕೆ ಚೆನ್ನಾಗಿರ್ಬೇಕು. ತೋರಿಸಿದ್ರೆ ನಿಲ್ಲಿಸ್ತೀನಿ. ಇಲ್ಲದಿದ್ರೆ ಬಾವುಟ ಹಿಡಿದು ಮೂಲೆಗೆ ನಡಿ."

"ತೋರಿಸದಿದ್ರೂ ಮೂಲೆಗೆ ನಡಿಯಲ್ಲ," ಎಂದು ಅತ್ತೆ ಬಾವುಟವನ್ನು ಅವರ ಸ್ಟೂಲಿಗೆ ಒರಗಿಸಿ ಬಂದಳು.

ರಜೆಯ ದಿನ ಮಧ್ಯಾಹ್ನ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಯುದ್ಧ ಶುರುವಾಯಿತು. ಅತ್ತೆ ಭಾಗಿಸುತ್ತ ಹೋದಳು. ಹನ್ನೊಂದು, ಹದಿಮೂರು, ಹದಿನೇಳು. ಯಾವುದಕ್ಕೂ ಆ ಸಂಖ್ಯೆ ಬಗ್ಗಲಿಲ್ಲ. ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಅಪ್ಪ ಸ್ವಲ್ಪ ಹೊತ್ತು ನೋಡಿ ಪೆನ್ನು ಕೆಳಗಿಟ್ಟ.

"ಸುಮ್ನೆ ಒದ್ದಾಡ್ಬೇಡ. ನಾನು ನಿನ್ನೆನೇ ನೋಡಿದೆ. ಅದು ಅವಿಭಾಜ್ಯ. ಒಂದು ಮತ್ತೆ ತಾನು, ಇವೆರಡು ಬಿಟ್ಟು ಅದಕ್ಕೆ ಭಾಜಕವೇ ಇಲ್ಲ. ತಮಾಷೆ ನೋಡು, ನಲವತ್ತೆಂಟು ಭಾಜಕ ಇರೋ ಸಂಖ್ಯೆಯ ಪಕ್ಕದ ಮನೆಯಲ್ಲೇ ಇಂಥ ಮೊಂಡ ಕೂತಿದೆ. ತನ್ನನ್ನ ಬಿಟ್ಟು ಉಳಿದ ಭಾಜಕಗಳನ್ನ ಕೂಡಿಸಿ ನೋಡಿದ್ರೆ ಆ ಕಡೆಯದು ತನ್ನ ಎರಡೂವರೆ ಪಟ್ಟಿಗಿಂತ ಜಾಸ್ತಿ ತೂಗುತ್ತೆ. ಅದು ಸಮೃದ್ಧ ಸಂಖ್ಯೆ. ಇದು ನ್ಯೂನ ಸಂಖ್ಯೆ. ತನ್ನನ್ನ ಬಿಟ್ರೆ ಇದರ ಆಸ್ತಿ ಬರೀ ಒಂದು." ಹೇಳುತ್ತ ಹೇಳುತ್ತ ಅವನಿಗೆ ಖುಷಿ ಏರಿತು. "ಒಂಥರಾ ನಿನ್ನ ಹಾಗೇ ಕಣೇ."

"ನನ್ನನ್ನ ಸಂಖ್ಯೆಗೆ ಹೋಲಿಸಿ ಹೊಗಳ್ಬೇಡ ಅಣ್ಣಾ. ಮೊಂಡುತನಕ್ಕೆ ಹೊಗಳಿಕೆ ಬೇಡ, ನಿಲ್ಲೋಕೆ ಜಾಗ ಬೇಕು. ಜಾಗ ಇದೆಯಾ, ಇಲ್ವಾ?"

"ಸಾಲಲ್ಲಿ ಇಲ್ಲ."

"ಸಾಲು ಬಿಟ್ರೆ ಲೋಕದಲ್ಲಿ ಬೇರೆ ಏನೂ ಇಲ್ವಾ?"

ಅತ್ತೆ ಅಮ್ಮನ ಗುಂಡಿಯ ಡಬ್ಬಿ ತಂದು ಒಂದು ಹಿಡಿ ಗುಂಡಿಗಳನ್ನು ಮೇಜಿನ ಮೇಲೆ ಸುರಿದಳು. ಸಾಲಾಗಿ ಜೋಡಿಸಿದಳು, ಒಂದು ಮಿಕ್ಕಿತು. ಬೇರೆ ಥರ ಜೋಡಿಸಿದಳು, ಮತ್ತೆ ಒಂದು ಮಿಕ್ಕಿತು. ಕೊನೆಗೆ ಸಿಟ್ಟು ಬಂದು ಆ ಮಿಕ್ಕ ಗುಂಡಿಯನ್ನು ಮೇಜಿನ ನಟ್ಟನಡುವೆ ಕುಕ್ಕಿದಳು. ಕುಕ್ಕಿದ ಕೈ ಅಲ್ಲೇ ನಿಂತಿತು. ಅಂಗಡಿಗಳಿಗೆ ಕಳಿಸುವ ಮಾದರಿ ತಟ್ಟೆಯಲ್ಲಿ ಅವಳು ದಿನವೂ ರೀಲು ಜೋಡಿಸುತ್ತಿದ್ದದ್ದು ಹಾಗೆಯೇ: ನಡುವೆ ಒಂದು ಬಣ್ಣ, ಸುತ್ತ ಆರು, ಆ ಆರರ ಸಂದಿಗಳಲ್ಲಿ ಇನ್ನೂ ಆರು. ಗುಂಡಿಗಳನ್ನು ಹಾಗೇ ಇಟ್ಟಳು. ಆರು ಮೂಲೆಯ ನಕ್ಷತ್ರವಾಯಿತು. ಎಣಿಸಿದೆ, ಹದಿಮೂರು. ಒಂದೂ ಮಿಗಲಿಲ್ಲ.

"ಇದಕ್ಕೆ ಯಾಕೆ ಇಷ್ಟು ರಾದ್ಧಾಂತ?" ಎಂದು ಬಂದ ಅಮ್ಮ, ಅದೇ ಹದಿಮೂರನ್ನು ಕೆದಕಿ, ನಡುವೆ ಒಂದು, ಅದರ ಸುತ್ತ ನಾಲ್ಕು, ಅವುಗಳ ಸುತ್ತ ಎಂಟು ಇಟ್ಟಳು. ಮೂಲೆಯ ಮೇಲೆ ನಿಲ್ಲಿಸಿದ ಚೌಕವಾಯಿತು. "ನನಗೆ ನಕ್ಷತ್ರಕ್ಕಿಂತ ಇದೇ ಚೆಂದ."

ಅಪ್ಪ ಉತ್ತರಪತ್ರಿಕೆಗಳನ್ನು ಪಕ್ಕಕ್ಕೆ ತಳ್ಳಿದ. "ಹದಿಮೂರು ನಕ್ಷತ್ರವೂ ಹೌದು, ಚೌಕವೂ ಹೌದು," ಎಂದು ಗೊಣಗಿದ. "ಇವಕ್ಕೆ ಹೆಸರಿದೆ. ನಕ್ಷತ್ರ ಸಂಖ್ಯೆ ಅಂತ, ಕೇಂದ್ರೀಯ ಚೌಕ ಸಂಖ್ಯೆ ಅಂತ. ಎರಡಕ್ಕೂ ನಡು ಬೇಕೇ ಬೇಕು. ತಡಿ, ದೊಡ್ಡದು ಮಾಡ್ತಾ ಹೋಗೋಣ." ಹಾಳೆಯ ಎಡಕ್ಕೆ ನಕ್ಷತ್ರದ ಪಟ್ಟಿ, ಬಲಕ್ಕೆ ಚೌಕದ ಪಟ್ಟಿ. ನೂರ ಎಂಬತ್ತೊಂದು ಎರಡೂ ಕಡೆ ಬಂತು. ಆಮೇಲೆ ಇನ್ನೂರಾಯಿತು, ಐನೂರಾಯಿತು, ಸಾವಿರವಾಯಿತು, ಎರಡೂ ಪಟ್ಟಿ ಒಂದನ್ನೊಂದು ಕಣ್ಣೆತ್ತಿಯೂ ನೋಡಲಿಲ್ಲ. ಅತ್ತೆ ಮೇಜಿನ ಅಂಚನ್ನು ಹಿಡಿದು ನಿಂತಿದ್ದಳು. ನಕ್ಷತ್ರದಲ್ಲಿ ಎರಡು ಸಾವಿರದ ಇನ್ನೂರ ಎಂಬತ್ತೊಂದು ಬಂತು. ಚೌಕದಲ್ಲಿ ಎರಡು ಸಾವಿರದ ಮುನ್ನೂರ ಎಂಬತ್ತೊಂದು. ಅಪ್ಪ ನಕ್ಷತ್ರಕ್ಕೆ ಇನ್ನೊಂದು ಸುತ್ತು ಕೂಡಿಸಿದ. ಚೌಕಕ್ಕೂ ಇನ್ನೊಂದು ಸುತ್ತು ಕೂಡಿಸಿದ. ಆಮೇಲೆ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ, ಎರಡನ್ನೂ ಮೊದಲಿನಿಂದ ಮಾಡಿದ.

ಎರಡೂ ಕಡೆ ಎರಡು ಸಾವಿರದ ಐನೂರ ಇಪ್ಪತ್ತೊಂದು.

"ಇದಾದ ಮೇಲೆ ಇಂಥದ್ದು ಬರೋದು ಮೂವತ್ತೈದು ಸಾವಿರ ದಾಟಿದ ಮೇಲೆ," ಎಂದ ಅಪ್ಪ, ಮತ್ತೂ ಒಂದಷ್ಟು ಹಾಳೆ ಕೆಡಿಸಿದ ಮೇಲೆ. ಅವನ ದನಿ ಸಣ್ಣಗಾಗಿತ್ತು. "ನಿನ್ನನ್ನ ಬಿಟ್ಟು ಅವರು ಎಣಿಸಿದ್ರೆ ಬರೀ ಸಾಲು. ನಿನ್ನನ್ನ ಸೇರಿಸಿದ್ರೆ ನಕ್ಷತ್ರ, ಮತ್ತೆ ಅದೇ ಜನ ಚೌಕ." ಅತ್ತೆ ಒಂದು ಗುಂಡಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಮ್ಮ ಅದು ತನ್ನ ಕೋಟಿನ ಗುಂಡಿ ಎಂದು ಆಕ್ಷೇಪಿಸಿದಳು, ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಅತ್ತೆ ಬರೆದು ತಂದ ನಕ್ಷೆಯನ್ನು ಮೇಷ್ಟ್ರು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಡುವೆ ಒಬ್ಬರು, ಸುತ್ತ ಆರು ರೆಕ್ಕೆ. ಒಂದೊಂದು ರೆಕ್ಕೆಯಲ್ಲೂ ಇಪ್ಪತ್ತೊಂದು ಜನರ ಇಪ್ಪತ್ತು ಸಾಲು, ಸ್ವಲ್ಪ ಓರೆಯಾಗಿ.

"ಓರೆ ಸಾಲು ನಾನು ಜೀವಮಾನದಲ್ಲಿ ನಿಲ್ಲಿಸಿಲ್ಲ."

"ಓರೆ ಆದ್ರೂ ಸಾಲೇ ಅಲ್ವಾ ಮೇಷ್ಟ್ರೇ. ಎಲ್ಲರ ಮುಂದೆ ಮಾತು ಕೊಟ್ಟಿದೀರಿ."

ಮಾತಿಗೆ ತಪ್ಪುವವರಲ್ಲ ಅವರು. ಮರುದಿನದಿಂದ ಸುಣ್ಣದ ಗೆರೆ ಬಿತ್ತು, ಹಗ್ಗ ಬಿತ್ತು, ಬೈಗುಳವೂ ಬಿತ್ತು. ಆರನೇ ರೆಕ್ಕೆಯಲ್ಲಿದ್ದ ನಾನು ಎಡವಿ ಐದನೆಯದರಲ್ಲಿ ಹೋಗಿ ನಿಂತು ಬೈಸಿಕೊಂಡೆ. ವಾರ ಕಳೆಯುವ ಹೊತ್ತಿಗೆ ಟ್ಯಾಂಕಿನ ಮೇಲೆ ಹತ್ತಿ ನೋಡಿ ಬಂದ ಮೇಷ್ಟ್ರ ಮುಖವೇ ಬೇರೆಯಾಗಿತ್ತು. ಕಣ್ಣುಗಳು ಹೊಳೆಯುತ್ತಿದ್ದವು. ಇಳಿದು ನೆಟ್ಟಗೆ ನಡುವಿಗೆ ಬಂದು, ಅಲ್ಲಿ ನಿಂತಿದ್ದ ಅತ್ತೆಯ ಮುಂದೆ ಗಂಟಲು ಸರಿಮಾಡಿಕೊಂಡರು.

"ನೋಡಮ್ಮಾ, ಈ ಜಾಗ ಕಟ್ಟಿದವನಿಗೆ ಸೇರಬೇಕಾದ್ದು. ಇಷ್ಟು ವರ್ಷದ ದುಡಿಮೆ ನಂದು. ಎಣಿಕೆ ಹೇಗೂ ಅಷ್ಟೇ ಇರುತ್ತೆ. ನೀನು ಬಾವುಟ ತಗೊಂಡು..."

ಮಾತು ಮುಗಿಯಲು ಅತ್ತೆ ಬಿಡಲಿಲ್ಲ. ಇದ್ದ ಜಾಗದಲ್ಲೇ, ಸುಣ್ಣದ ಚುಕ್ಕೆಯ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಏಳು ಮೇಲೆ!"

"ಏಳಲ್ಲ. ಪ್ರತಿ ಫೋಟೋದಲ್ಲೂ ನೀವಿದೀರಿ, ಮೊಟ್ಟೆ ಒಳಗೆ. ನಾನು ಒಂದು ಮೊಣಕೈ. ಜಾಗ ಇಲ್ಲ ಅಂದ್ರಿ, ಹುಡುಕಿ ತಂದೆ. ಹುಡುಕಿ ತಂದ ಮೇಲೆ ಅದೂ ನಿಮ್ಮದಾ? ಎಳೆದು ಎಬ್ಬಿಸೋ ಧೈರ್ಯ ಇದ್ರೆ ಎಬ್ಬಿಸಿ. ಇಷ್ಟು ಜನ ನೋಡ್ತಾ ಇದಾರೆ."

ಮೇಷ್ಟ್ರು ಎಬ್ಬಿಸಲಿಲ್ಲ. ಆದರೆ ಹಠ ಅವರಿಗೂ ಇತ್ತು. ಕೂತವಳ ಪಕ್ಕದಲ್ಲೇ, ತಾವೇ ನಡು ಎಂಬಂತೆ ನಿಂತು ಸೀಟಿ ಊದಿದರು. ಸೀಟಿ ಊದಿದ ಮೇಲೆ ಸಾಲು ಹೇಗಿದೆ ಎಂದು ನೋಡದಿದ್ದರೆ ಅವರಿಗೆ ಜೀವ ನಿಲ್ಲದು. ಎಡಕ್ಕೆ ತಿರುಗಿದರು, ಅವರ ಭುಜವನ್ನೇ ಗುರಿಯಿಟ್ಟು ನಿಂತಿದ್ದ ಆರೂ ರೆಕ್ಕೆಗಳು ಎಡಕ್ಕೆ ಸರಿದವು. ಬೆನ್ನ ಹಿಂದಿನವರು ಏನು ಮಾಡುತ್ತಿದ್ದಾರೆಂದು ಗಿರಕ್ಕನೆ ತಿರುಗಿದರು. ಎರಡು ಸಾವಿರದ ಐನೂರು ಚಿಲ್ಲರೆ ಜನ ಗಿರಕ್ಕನೆ ಸರಿಯಲು ಹೋಗಿ ಒಬ್ಬರ ಕಾಲನ್ನೊಬ್ಬರು ತುಳಿದರು. ಮೂರನೇ ರೆಕ್ಕೆ ನಾಲ್ಕನೆಯದರೊಳಗೆ ಹೊಕ್ಕಿತು. ನಕ್ಷತ್ರ ಹೋಗಿ ಸಂತೆಯಾಯಿತು. ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ, ನನ್ನಿಂದಲೇ ಇರಬಹುದು.

ಅತ್ತೆ ನಗಲಿಲ್ಲ. ಕೂತಲ್ಲಿಂದಲೇ ಮೆತ್ತಗೆ ಹೇಳಿದಳು: "ನೋಡೋರು ಹೊರಗಿರ್ಬೇಕು ಮೇಷ್ಟ್ರೇ. ಎಲ್ಲರೂ ಯಾರನ್ನ ನೋಡ್ತಾರೋ ಅವರು ಕದಲಬಾರ್ದು. ನಿಮಗೆ ಕದಲದೆ ಇರೋಕೆ ಬರಲ್ಲ."

ಮೇಷ್ಟ್ರು ಸ್ಟೂಲಿನ ಕಡೆ ನಡೆದರು. ಅತ್ತೆ ಎದ್ದು ಸೀರೆಯ ಧೂಳು ಕೊಡವಿ ನಿಂತಳು. ಸಂಜೆ ಒಂದು ಟೋಪಿ ಪ್ಯಾಕಿಂಗ್ ವಿಭಾಗಕ್ಕೆ ಬಂತು. ಯಾರು ಕಳಿಸಿದರೆಂದು ತಂದವನು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಉತ್ಸವದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಸೀಟಿಗೆ ಸರಿಯಾಗಿ ಆರು ರೆಕ್ಕೆಗಳು ಬಿಚ್ಚಿಕೊಂಡವು. ಎರಡನೇ ಸೀಟಿಗೆ ನಾವೆಲ್ಲ ಹೆಜ್ಜೆ ಹಾಕುತ್ತ ಅತ್ತೆಯ ಸುತ್ತ ನಾಲ್ಕಾಗಿ, ಎಂಟಾಗಿ, ಹನ್ನೆರಡಾಗಿ, ಮೂವತ್ತೈದನೇ ಸುತ್ತಿಗೆ ನೂರ ನಲವತ್ತಾಗಿ ಚೌಕ ಕಟ್ಟಿದೆವು. ಮೂರನೆಯದಕ್ಕೆ ಮತ್ತೆ ನಕ್ಷತ್ರ. ಅಷ್ಟು ಜನರಲ್ಲಿ ಜಾಗ ಬಿಟ್ಟು ಕದಲದವಳು ಅವಳೊಬ್ಬಳೇ. ಟ್ಯಾಂಕಿನ ಮೇಲಿನಿಂದ ಫೋಟೋದವನು ಕರವಸ್ತ್ರ ಬೀಸಿದ.

"ಎಣಿಕೆ!" ಎಂದರು ಮೇಷ್ಟ್ರು.

"ನಾನೂರ ಇಪ್ಪತ್ತು!" ಮೊದಲ ರೆಕ್ಕೆಯ ಮುಂದಾಳು. "ನಾನೂರ ಇಪ್ಪತ್ತು!" ಎರಡನೆಯದು. ಹಾಗೇ ಆರೂ ಕೂಗಿದವು. ಮೇಷ್ಟ್ರು ಎದೆಯುಬ್ಬಿಸಿದರು. ಇಷ್ಟು ವರ್ಷದ ಅಭ್ಯಾಸ, ನಾಲಿಗೆ ತನ್ನ ಪಾಡಿಗೆ ಹೊರಳಿತು.

"ಒಟ್ಟು ಎರಡು ಸಾವಿರದ ಐನೂರ ಇಪ್ಪ..."

"ಒಂದು!"

ಅತ್ತೆಯ ಗಂಟಲು ಅಷ್ಟು ದೊಡ್ಡದೆಂದು ಮನೆಯವರಾದ ನಮಗೇ ಗೊತ್ತಿರಲಿಲ್ಲ. ಅದು ಗೋಡೆಗೆ ಬಡಿದು ವಾಪಸು ಬಂತು. ಮೇಷ್ಟ್ರು ಬಾಯಿ ತೆರೆದವರು ಹಾಗೇ ನಿಂತರು. ಅವರಿಗೆ ಕೇಳಲಿಲ್ಲ ಎಂದುಕೊಂಡಳೋ ಏನೋ, ಅವಳು ಮತ್ತೆ ಕೂಗಿದಳು, ಮೊದಲಿಗಿಂತ ಗಟ್ಟಿಯಾಗಿ: "ಒಂದು!"

ಮೇಷ್ಟ್ರು ಕೈಯಲ್ಲಿದ್ದ ಸೀಟಿಯನ್ನು ಜೇಬಿಗೆ ಹಾಕಿದರು. ಆಮೇಲೆ ಒಂದೊಂದೇ ಪದವಾಗಿ ಹೇಳಿದರು.

"ಒಟ್ಟು, ಎರಡು ಸಾವಿರದ, ಐನೂರ, ಇಪ್ಪತ್ತೊಂದು."

ಆ ಫೋಟೋ ಗೇಟಿನ ಒಳಗೆ ಈಗಲೂ ಇದೆ. ಅಷ್ಟೆತ್ತರದಿಂದ ತೆಗೆದದ್ದು, ಮುಖ ಯಾರದೂ ಕಾಣುವುದಿಲ್ಲ, ಬರೀ ಬಿಳಿ ಚುಕ್ಕೆಗಳು. ನಾನು ಆರನೇ ರೆಕ್ಕೆಯಲ್ಲಿ ಎಲ್ಲೋ ಇದ್ದೇನೆ; ಪ್ರತಿ ಸಲ ಬೆರಳಿಟ್ಟು ಹುಡುಕುತ್ತೇನೆ, ಪ್ರತಿ ಸಲ ಬೇರೆ ಚುಕ್ಕೆಯನ್ನು ನಾನೆಂದು ಹೇಳುತ್ತೇನೆ. ಮಿಲ್ಲಿನವರೆಲ್ಲರ ಪಾಡೂ ಅದೇ. ನಿವೃತ್ತಿಯಾದ ಮೇಲೂ ಅತ್ತೆ ಆಗಾಗ ಆ ಕಡೆ ಹೋಗುತ್ತಾಳೆ. ಕೋಟಿನ ಗುಂಡಿ ಇನ್ನೂ ಸೆರಗಿನಲ್ಲಿದೆ, ಅಮ್ಮ ಕೇಳುವುದನ್ನು ಬಿಟ್ಟಿದ್ದಾಳೆ. ಕಾವಲುಗಾರ ಹೊಸಬನಾದರೆ "ಇದರಲ್ಲಿ ನೀವು ಎಲ್ಲಿದೀರಮ್ಮಾ?" ಎಂದು ಕೇಳುತ್ತಾನೆ. ಅತ್ತೆ ಹುಡುಕುವುದಿಲ್ಲ. ಸುಮ್ಮನೆ ಕೈ ಎತ್ತಿ ನಡುವೆ ಬೆರಳಿಡುತ್ತಾಳೆ.